ಯಾರ ಮನೆಗೆ?

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ಊರಿನ ಹೆಸರು ಹೇಳಿ ಟಿಕೆಟ್ ಕೇಳಿದರೆ ಕಂಡಕ್ಟರ್ ತಕ್ಷಣ ಕೊಡುವುದಿಲ್ಲ. ಒಮ್ಮೆ ಮುಖ ನೋಡುತ್ತಾನೆ. ಆಮೇಲೆ ಕೇಳುತ್ತಾನೆ: "ಯಾರ ಮನೆಗೆ?" ಟಿಕೆಟ್ಟಿಗೂ ಮನೆಗೂ ಏನೂ ಸಂಬಂಧವಿಲ್ಲ, ಯಾರ ಮನೆಗೆ ಹೋದರೂ ದರ ಒಂದೇ. ಆದರೂ ಕೇಳುತ್ತಾನೆ. ಕಳೆದ ಮಳೆಗಾಲದಲ್ಲಿ ನನ್ನನ್ನೂ ಕೇಳಿದ. ಹುಟ್ಟಿ ಬೆಳೆದ ಊರಿಗೇ ಹೊರಟಿದ್ದೆ, ನಿಜ. ಆದರೆ ಬೆಂಗಳೂರಿನ ಇಪ್ಪತ್ತೆರಡು ವರ್ಷದ ವಾಸದಲ್ಲಿ ತಲೆಗೂದಲೂ ಹೋಗಿತ್ತು, ಗುರುತೂ ಹೋಗಿತ್ತು. ಅಪ್ಪನ ಹೆಸರು ಹೇಳಿದೆ. "ಓ, ಸಂಕದಾಚೆ ಮನೆಯವರಾ?" ಅಂದವನ ಮುಖ ಸಡಿಲವಾಯಿತು. ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ ಮುಂದಕ್ಕೆ ಬಾಗಿ, "ಬೆಂಗ್ಳೂರಲ್ಲಿರೋನು ನೀನೇ ಅಲ್ವಾ ಮಾರಾಯ? ನಿಮ್ಮಮ್ಮನ ಮಂಡಿನೋವು ಹೆಂಗಿದೆ ಈಗ?" ಎಂದರು.

ಅಮ್ಮನಿಗೆ ಮಂಡಿನೋವು ಬಂದಿರುವುದು ನನಗೆ ಗೊತ್ತಾದದ್ದು ಹಾಗೆ.

ನಮ್ಮದು ಸಣ್ಣ ತಾಲ್ಲೂಕು. ಕಸಬಾ, ಹರಿಹರಪುರ, ಮೇಗುಂದ – ಮೂರೇ ಹೋಬಳಿ. ಒಂದು ಪಕ್ಕದಲ್ಲಿ ಶೃಂಗೇರಿಯ ಪ್ರಸಿದ್ಧಿ, ಇನ್ನೊಂದು ಪಕ್ಕದಲ್ಲಿ ತೀರ್ಥಹಳ್ಳಿಯ ಪ್ರಸಿದ್ಧಿ. ನಡುವೆ ನಾವು, ಇಬ್ಬರು ಜಾಣ ಅಣ್ಣಂದಿರ ಮಧ್ಯೆ ಕೂತ ತಮ್ಮನ ಹಾಗೆ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರುಮನೆಯಲ್ಲಿ. ಆದರೆ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಆದ್ದರಿಂದ ಕವಿಮನೆ ಅವರ ಪಾಲಿಗೆ, ಬಾಣಂತಿಕೋಣೆ ನಮ್ಮ ಪಾಲಿಗೆ. ಚಹಾದಂಗಡಿಯಲ್ಲಿ ತೀರ್ಥಹಳ್ಳಿಯವರು ಯಾರಾದರೂ ಸಿಕ್ಕಿದರೆ ಈ ಮಾತನ್ನು ನಾವು ಎತ್ತದೆ ಬಿಡುವುದಿಲ್ಲ. ಅವರು ನಕ್ಕು ಬಿಡುತ್ತಾರೆ. ಗೆದ್ದವರು ನಗಲೇಬೇಕಲ್ಲ.

ಬಯಲುಸೀಮೆಯ ಗೆಳೆಯರಿಗೆ ನಮ್ಮ 'ಊರು' ಅರ್ಥವಾಗುವುದು ಕಷ್ಟ. ಅವರ ಕಣ್ಣಿಗೆ ಊರೆಂದರೆ ಅಗಸೆ ಬಾಗಿಲು, ಕೇರಿ, ಗೋಡೆಗೆ ಗೋಡೆ ತಾಗಿದ ಮನೆ. ನಮ್ಮಲ್ಲಿ ಒಂದು ಮನೆ, ಅದರ ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಇನ್ನೊಂದು ಮನೆ ನೋಡಬೇಕೆಂದರೆ ಗುಡ್ಡ ಹತ್ತಿ ಇಳಿಯಬೇಕು. ಗೆಳೆಯನೊಬ್ಬ ಬಂದವನು, ಒಂದು ಗಂಟೆ ನಡೆದ ಮೇಲೆ, "ಊರು ಎಲ್ಲಿ ಶುರುವಾಗುತ್ತೆ?" ಎಂದು ಕೇಳಿದ. ಊರು ಆಗಲೇ ಮುಗಿಯುತ್ತಾ ಬಂದಿತ್ತು.

ಹೀಗೆ ಚದುರಿ ಕೂತವರಿಗೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಸುಮ್ಮನೆ ತಾಗುವುದಿಲ್ಲ. ಒಗ್ಗರಣೆಯ ವಾಸನೆ ಪಕ್ಕದ ಮನೆಗೆ ಹೋಗುವುದಿಲ್ಲ, ಜಗಳದ ಸದ್ದೂ ಹೋಗುವುದಿಲ್ಲ. ಎಲ್ಲವನ್ನೂ ಯಾರಾದರೂ ಹೊತ್ತುಕೊಂಡೇ ಹೋಗಬೇಕು. ಹೊರುತ್ತಿದ್ದದ್ದು ಬಸ್ಸು. ಬೆಳಿಗ್ಗೆಯ ಬಸ್ಸಿಗೆ ಡಾಕ್ಟರ ಚೀಟಿ ಮತ್ತು ದುಡ್ಡು ಕೊಟ್ಟರೆ ಸಂಜೆಯ ಬಸ್ಸಿನಲ್ಲಿ ಔಷಧ ಬರುತ್ತಿತ್ತು, ಚಿಲ್ಲರೆಯ ಸಮೇತ. ಪೇಪರ್ ಕಟ್ಟು, ಪಂಪ್‌ಸೆಟ್ಟಿನ ರಿಪೇರಿ ಆದ ಮೋಟರು, ಮದುವೆಯ ಕರೆಯೋಲೆ, ಒಮ್ಮೆ ನಮ್ಮ ಅತ್ತೆಯ ಮನೆಯಿಂದ ಗೋಣಿಚೀಲದಲ್ಲಿ ತಲೆ ಮಾತ್ರ ಹೊರಗಿಟ್ಟು ಕೂತ ಬೆಕ್ಕಿನ ಮರಿ – ಎಲ್ಲ ಡ್ರೈವರ್ ಸೀಟಿನ ಪಕ್ಕದಲ್ಲೇ ಪ್ರಯಾಣ ಮಾಡುತ್ತಿದ್ದವು. ಬೆಕ್ಕಿಗೆ ಟಿಕೆಟ್ ಇರಲಿಲ್ಲ.

ಆ ಬಸ್ಸುಗಳ ಕತೆಯೂ ಹೇಳಬೇಕಾದದ್ದೇ. ಕೊಪ್ಪದಲ್ಲಿ ಒಂದು ಖಾಸಗಿ ಬಸ್ ಕಂಪನಿಯ ನೌಕರರಿಗೂ ಮಾಲೀಕರಿಗೂ ಬಿಕ್ಕಟ್ಟಾಗಿ, ಕೊನೆಗೆ ನೌಕರರೇ ಬಸ್ಸುಗಳನ್ನು ಪಡೆದು 1991ರಲ್ಲಿ ಸಹಕಾರ ಸಾರಿಗೆ ಎಂದು ಸಂಘ ಕಟ್ಟಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಸದಸ್ಯರು, ಅವರೇ ಮಾಲೀಕರು. ಟಿಕೆಟ್ ಹರಿದು ಕೊಡುವವನೇ ಬಸ್ಸಿನ ಒಡೆಯ ಎನ್ನುವುದು ಹುಡುಗರಾಗಿದ್ದ ನಮಗೆ ದೊಡ್ಡ ಅಚ್ಚರಿ. ಒಡೆಯನಾದವನು ಬಾಗಿಲಲ್ಲಿ ಯಾಕೆ ನೇತಾಡುತ್ತಾನೆ? ಶಾಲಾ ಮಕ್ಕಳಿಗೆ ರಿಯಾಯಿತಿ ಪಾಸು ಇತ್ತು. ಬೇರೆ ಬಸ್ಸು ಹೋಗಲು ಹಿಂಜರಿಯುವ ಮಣ್ಣುರಸ್ತೆಗೂ ಇವು ಬರುತ್ತಿದ್ದವು. ಡೀಸೆಲ್ ದರ, ತೆರಿಗೆ ಎಲ್ಲ ಸೇರಿ ಹೊರೆ ಹೆಚ್ಚಿ, 2020ರಲ್ಲಿ ಓಡಾಟ ನಿಂತಿತು. ನಮ್ಮ ಜಿಲ್ಲೆಯಲ್ಲಿ ಕಾಫಿ ಬಿಟ್ಟರೆ ಹೊರಗಿನವರಿಗೆ ಹೇಳಿಕೊಳ್ಳಲು ಅಂಥದ್ದು ಇನ್ನೊಂದು ಇತ್ತು ಎಂದು ನನಗೆ ಅನ್ನಿಸುವುದಿಲ್ಲ. ಈಗ ಬೇರೆ ಬಸ್ಸುಗಳಿವೆ. "ಯಾರ ಮನೆಗೆ?" ಎಂಬ ಪ್ರಶ್ನೆಯನ್ನು ಮಾತ್ರ ಅವುಗಳೂ ಉಳಿಸಿಕೊಂಡಿವೆ.

ಎಲ್ಲರೂ ಎಲ್ಲರನ್ನೂ ಬಲ್ಲರು ಎಂದು ಕೇಳಲು ಹಿತವಾಗಿರುತ್ತದೆ. ಹದಿನೇಳರ ವಯಸ್ಸಿನಲ್ಲಿ ಅಲ್ಲ. ಪಿಯುಸಿಯಲ್ಲಿ ಒಂದು ದಿನ ಕ್ಲಾಸು ತಪ್ಪಿಸಿ ಮ್ಯಾಟಿನಿಗೆ ಹೋಗಿದ್ದೆ. ಸಂಜೆ ಮನೆಗೆ ಬಂದರೆ ಅಪ್ಪ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. ಬೈಯಲಿಲ್ಲ. ಸುಣ್ಣ ಹಚ್ಚುತ್ತಾ, "ಸಿನಿಮಾ ಹೇಗಿತ್ತು?" ಎಂದರು. ನಾನು ಬಂದ ಬಸ್ಸಿಗಿಂತ ಒಂದು ಬಸ್ಸು ಮುಂಚೆಯೇ ಸುದ್ದಿ ಬಂದು ತಲುಪಿತ್ತು. ಯಾರು ತಂದರೆಂದು ಇವತ್ತಿಗೂ ಗೊತ್ತಿಲ್ಲ, ಒಬ್ಬರೇ ತಂದಿರಲಿಕ್ಕಿಲ್ಲ.

ಮುಖ ಮರೆಸಿದರೂ ಕೈ ಮರೆಸಲಾಗದ ಕಾಲವೊಂದಿತ್ತು. ಅಡಿಕೆ ಸುಲಿತದ ತಿಂಗಳುಗಳಲ್ಲಿ ಕಾಲೇಜಿನ ಹುಡುಗಿಯರು ಬಸ್ಸಿನ ಕಂಬಿ ಹಿಡಿದರೆ ಬೆರಳ ತುದಿಗಳು ಕಪ್ಪಾಗಿರುತ್ತಿದ್ದವು. ಹಸಿ ಅಡಿಕೆಯ ಚೊಗರು ಸೋಪಿಗೆ ಜಗ್ಗುವುದಿಲ್ಲ. ರಾತ್ರಿ ಊಟವಾದ ಮೇಲೆ ನಮ್ಮ ಮನೆಯ ಅಂಗಳದ ಚಪ್ಪರದಡಿ ಹದಿನೈದು ಮೆಟ್ಟುಗತ್ತಿಗಳು ಸಾಲಾಗಿ ಕೂರುತ್ತಿದ್ದವು. ಒಂದು ಕಾಲಿನಡಿ ಕತ್ತಿಯ ಹಲಗೆ, ಎಡಗೈಯಲ್ಲಿ ಕಾಯಿ, ಮೂರು ಸಲ 'ಚರಕ್' ಎಂದರೆ ಅಡಿಕೆ ಬುಟ್ಟಿಗೆ, ಸಿಪ್ಪೆ ಹಿಂದಕ್ಕೆ. ಡಬ್ಬದ ಲೆಕ್ಕದಲ್ಲಿ ಕೂಲಿ. ಅಮ್ಮ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಯಾರ ಹೆಸರಿನ ಎದುರು ಎಷ್ಟು ಗೆರೆ ಎಂಬುದರಲ್ಲಿ ಒಂದು ಜಗಳವೂ ಆಗದ ದಿನ ನನಗೆ ನೆನಪಿಲ್ಲ. ಕತ್ತಿಗಿಂತ ಬಾಯಿ ಚುರುಕಾಗಿ ಓಡುತ್ತಿತ್ತು. ಯಾರ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಯಾರ ದನ ಯಾರ ಗದ್ದೆಗೆ ನುಗ್ಗಿತು, ಸೊಸೈಟಿಯಲ್ಲಿ ಯಾರ ಸಾಲ ತೀರಲಿಲ್ಲ – ತಾಲ್ಲೂಕು ಕಚೇರಿಯ ಕಡತಕ್ಕಿಂತ ಆ ಚಪ್ಪರದಡಿಯ ದಾಖಲೆ ಪಕ್ಕಾ. ಈಗ ಸುಲಿಯುವ ಯಂತ್ರ ಪಿಕಪ್ಪಿನಲ್ಲಿ ಬರುತ್ತದೆ, ಗಡಗಡ ಎಂದು ಒಂದೇ ಹಗಲಲ್ಲಿ ಮುಗಿಸಿ ಹೋಗುತ್ತದೆ. ಅದರ ಸದ್ದಿನಲ್ಲಿ ಯಾರೂ ಮಾತಾಡಲಾಗುವುದಿಲ್ಲ. ಅಮ್ಮನ ಸೊಂಟಕ್ಕೆ ಯಂತ್ರವೇ ಒಳ್ಳೆಯದು. ಅದರಲ್ಲಿ ನನಗೆ ಅನುಮಾನವಿಲ್ಲ.

ಕಂಡಕ್ಟರ್ ನಮ್ಮನ್ನು 'ಸಂಕದಾಚೆ ಮನೆಯವರು' ಎಂದನಲ್ಲ, ಆ ಸಂಕ ನಮ್ಮದೊಂದೇ ಅಲ್ಲ. ಹಳ್ಳದ ಆಚೆ ನಮ್ಮ ಮನೆ, ಈಚೆ ರಸ್ತೆಯ ಬದಿಗೆ ಕೆಳಮನೆ ಚಿಕ್ಕಪ್ಪನ ಮನೆ. ಅವರ ತೋಟ ನಮ್ಮ ಕಡೆ ಇದೆ. ಅಪ್ಪನಿಗೂ ಚಿಕ್ಕಪ್ಪನಿಗೂ ಸೊಪ್ಪಿನ ಬೆಟ್ಟದ ಗಡಿಯ ಮೇಲೆ ಕೊಪ್ಪದ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೇಸು. ಮಾತಿಲ್ಲ. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಾರೆ, ಅಪ್ಪ ಮುಂದಿನ ಸೀಟು, ಚಿಕ್ಕಪ್ಪ ಹಿಂದಿನ ಸೀಟು. ಇನ್ನೊಂದು ವಾಯಿದೆ ಪಡೆದು ಅದೇ ಬಸ್ಸಿಗೆ ವಾಪಸ್ಸು. "ಕೇಸು ಮುಗೀತು ಅಂದ್ರೆ ನಮಗೆ ಎರಡು ಟಿಕೆಟ್ ಕಮ್ಮಿ" ಎಂದು ಡ್ರೈವರ್ ಎದುರಿಗೇ ಹೇಳುತ್ತಿದ್ದ.

ಆದರೆ ಮೃಗಶಿರ ಮಳೆ ಹಿಡಿಯುವ ಮುಂಚೆ ಸಂಕ ಹಾಕಲೇಬೇಕು. ನಾಲ್ಕು ಅಡಿಕೆ ಮರ ಉದ್ದಕ್ಕೆ ಜೋಡಿಸಿ ಬಿಗಿದು ಕಟ್ಟಬೇಕು, ಪಾಚಿಗೆ ಜಾರದಂತೆ ಮೇಲೆ ಕತ್ತಿಯಿಂದ ಕಚ್ಚು ಹಾಕಬೇಕು, ಒಂದು ಬದಿಗೆ ಬಿದಿರಿನ ಗಳ ಕಟ್ಟಬೇಕು. ಒಂದೇ ದಡದಿಂದ ಆಗುವ ಕೆಲಸ ಅಲ್ಲ. ಹಳದಿ ಎಲೆ ರೋಗ ಬಂದ ಮೇಲೆ ನಮ್ಮಲ್ಲಿ ಸಂಕಕ್ಕೆ ಮರದ ಕೊರತೆಯೇನೂ ಇಲ್ಲ. ಕೊರತೆ ಮಾತಿನದು. ಅದಕ್ಕೆ ನಾಯಿ ಇತ್ತು. ಅಪ್ಪ ಈ ದಡದಲ್ಲಿ ನಿಂತು, "ಕಾಳ, ತುದಿ ಇನ್ನೊಂದು ಗೇಣು ಮೇಲೆ ಹೋಗಬೇಕಲ್ಲ ನೋಡು" ಎನ್ನುತ್ತಿದ್ದರು. ಕಾಳ ಬಾಲ ಅಲ್ಲಾಡಿಸುತ್ತಿತ್ತು, ಆಚೆ ದಡದಲ್ಲಿ ಚಿಕ್ಕಪ್ಪ ತುದಿ ಎತ್ತುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಪ್ಪ ಆಕಾಶ ನೋಡಿ, "ಹಗ್ಗ ಒಂದಿದ್ದಿದ್ರೆ ಚೆನ್ನಾಗಿತ್ತು" ಎನ್ನುವರು. ಅಪ್ಪನ ಹಗ್ಗ ಹಾರಿ ಹೋಗಿ ಅವರ ಕಾಲ ಬಳಿ ಬೀಳುವುದು. ಕೆಲಸ ಮುಗಿದ ಮೇಲೆ ಅಮ್ಮ ಎರಡು ಲೋಟ ಕಾಫಿ ತರುತ್ತಿದ್ದಳು. ಒಂದನ್ನು ಸಂಕದ ನಡುಮಧ್ಯೆ ನಡೆದು ಹೋಗಿ ಚಿಕ್ಕಪ್ಪನ ಕೈಗೆ ಕೊಡುತ್ತಿದ್ದಳು. ಹೊಸ ಸಂಕದ ಮೇಲೆ ಮೊದಲು ನಡೆಯುತ್ತಿದ್ದದ್ದು ಆ ಕಾಫಿಯೇ.

ಈ ಸಲ ಹೋದಾಗ ಕಾಳ ಇರಲಿಲ್ಲ, ಬೇಸಿಗೆಯಲ್ಲಿ ಸತ್ತಿತಂತೆ. ಹೊಸ ನಾಯಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಸಂಕ ಹಾಕಿ ಆಗಿತ್ತು. ಹೇಗೆ ಹಾಕಿದಿರಿ ಎಂದು ಅಪ್ಪನನ್ನು ಕೇಳಿದೆ. "ಹಾಕಿದ್ವಿ" ಎಂದಷ್ಟೇ ಹೇಳಿ ಎಲೆಯ ನಾರು ತೆಗೆಯತೊಡಗಿದರು. ಕಾಂಕ್ರೀಟು ಸಂಕ ಮಂಜೂರಾಗಿದೆ ಎಂದು ಮೂರು ಚುನಾವಣೆಯಿಂದ ಕೇಳುತ್ತಿದ್ದೇವೆ. ಕೇಸಿನ ಮುಂದಿನ ವಾಯಿದೆ ದೀಪಾವಳಿಯ ನಂತರ.

ನೀವು ಯಾವಾಗಲಾದರೂ ನಮ್ಮ ಕಡೆ ಬಂದರೆ ಕಂಡಕ್ಟರ್ ಕೇಳಿಯೇ ಕೇಳುತ್ತಾನೆ. ಹೇಳಲು ಒಂದು ಮನೆಯ ಹೆಸರು ಇಟ್ಟುಕೊಂಡು ಬನ್ನಿ. ಯಾರೂ ಗೊತ್ತಿಲ್ಲದಿದ್ದರೆ ಸಂಕದಾಚೆ ಮನೆಗೆ ಎನ್ನಿ, ನಿಲ್ಲಿಸುತ್ತಾನೆ. ಮಳೆಗಾಲವಾದರೆ ಮಾತ್ರ, ಸಂಕ ಹಾಕಿದ್ದಾರಾ ಎಂದು ಅವನನ್ನೇ ಕೇಳಿ ಆಮೇಲೆ ಇಳಿಯಿರಿ.