ಕೂತ ತೋಟಾ ಎಲ್ಲವೂ ಸಲ್ಲದು

ಬಾಪೂಜಿ ನಗರದ ನೆರೆಯವರೊಬ್ಬರ ಬಳಿ ತಂದೆಯ ಕಾಲದ ವೆಬ್ಲಿ ರಿವಾಲ್ವರ್ ಇದೆ, ಪರವಾನಗಿಯೂ ಇದೆ. ಶೂಟಿಂಗ್ ರೇಂಜಿನಲ್ಲಿ ಒಮ್ಮೆಯಾದರೂ ಅದನ್ನು ಹಾರಿಸಬೇಕೆಂಬುದು ಅವರ ಆಸೆ. “ಮೇಷ್ಟ್ರೇ, .455 ತೋಟಾ ಸಿಗುತ್ತಿಲ್ಲ. .45 ಆಗದೇ?” ಎಂದು ಕೇಳಿದರು.

ಪ್ರಿಯ ವಿದ್ಯಾರ್ಥಿಗಳೇ, ದಶಮಾಂಶದ ಪಾಠ ಇಲ್ಲಿ ಪ್ರಾಣದ ಪ್ರಶ್ನೆ. ಅದು 1915ರಲ್ಲಿ ಬ್ರಿಟಿಷ್ ಸೇನೆ ಸ್ವೀಕರಿಸಿದ ಆರನೆಯ ಮಾದರಿ. ಮುಂದೆ ಅಮೆರಿಕ ಸೇರಿದ ಇಂಥ ಅನೇಕ ರಿವಾಲ್ವರುಗಳ ಸಿಲಿಂಡರಿನ ಹಿಂಬದಿಯನ್ನು ತುಸು ತರಿದು, ಅಲ್ಲಿ ಸುಲಭವಾಗಿ ದೊರೆಯುತ್ತಿದ್ದ .45 ಎಸಿಪಿ ತೋಟಾ ಕೂರುವಂತೆ ಮಾಡಿದರು. ತೋಟಾ ಕೂತಿತು, ಆದರೆ ಅದರ ಒತ್ತಡ.455ಕ್ಕಿಂತ ಬಹಳ ಹೆಚ್ಚು. ಹಳೆಯ ಉಕ್ಕು ಬಿರಿಯಬಹುದು.

“ಸರಿಯಾದ ತೋಟಾ ಸಿಗುವವರೆಗೆ ನಿಮ್ಮ ತಂದೆಯವರ ನೆನಪು ಮೌನವಾಗಿಯೇ ಇರಲಿ, ನಿಮ್ಮ ಕೈ ಉಳಿಯಲಿ” ಎಂದೆ. ಅವರು ರಿವಾಲ್ವರನ್ನು ಒರೆಸಿ ಒಳಗಿಟ್ಟರು.