ಷಡ್ಜ ಊರು ಬಿಟ್ಟಾಗ

ಸಂಗೀತವನ್ನು ಸುಮ್ನೆ ಅನುಭವಿಸ್ಬೇಕು, ಬಿಡಿಸಿ ನೋಡಿದ್ರೆ ರಸ ಹೋಗತ್ತೆ ಅನ್ನೋರು ನಮ್ಮ ಕಡೆ ಆಟ ನೋಡಿಲ್ಲ ಅಂತ ಕಾಣತ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ರಾತ್ರಿಯಿಡೀ ಯಕ್ಷಗಾನ ನೋಡಿ ಬಂದವರು ಬೆಳಗಿನ ಕಾಫಿಗೆ ಕೂತು ಮಾಡೋದೇ ಬಿಡಿಸುವ ಕೆಲಸ. ಭಾಗವತರು ಆ ಪದ್ಯವನ್ನು ಯಾಕೆ ಅಷ್ಟು ಎಳೆದರು, ಕರುಣರಸ ಕೂರುವ ಮೊದಲೇ ಚಂಡೆ ಯಾಕೆ ಬಂತು, ಏರಿಸಿದ ಶ್ರುತಿ ಆ ವೇಷಕ್ಕೆ ಒಗ್ಗಿತಾ ಇಲ್ವಾ. ನಮ್ಮ ದೊಡ್ಡಪ್ಪನಿಗೆ ಒಂದು ರಾಗದ ಆರೋಹಣ ಹೇಳಲು ಬರುತ್ತಿರಲಿಲ್ಲ. ಪದ್ಯ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಬೇಕಿತ್ತು ಅನ್ನೋದರಲ್ಲಿ ಮಾತ್ರ ಯಾರಿಗೂ ಸೋಲುತ್ತಿರಲಿಲ್ಲ.

ಪಿಯಾನೋ ಸೊನಾಟಾವನ್ನು ಬಿಡಿಸಿ ನೋಡಲು ಬೇಕಾಗೋದೂ ಇದೇ ಕಿವಿ. ಮೊಜಾರ್ಟ್ 1778ರಲ್ಲಿ ಪ್ಯಾರಿಸ್‌ನಲ್ಲಿ ಬರೆದ ಎ ಮೈನರ್ ಸೊನಾಟಾ, ಕೆ. 310, ತಗೊಳ್ಳಿ. ಮೊದಲ ಭಾಗ ಶುರುವಾಗುವುದೇ ಬಿಗಿದ ಮುಖದಲ್ಲಿ: ಎಡಗೈ ಒಂದೇ ಸಮ ಕುಟ್ಟುತ್ತೆ, ಬಲಗೈ ಮೇಲಿಂದ ಅಪ್ಪಣೆ ಕೊಟ್ಟ ಹಾಗೆ. ಸ್ವಲ್ಪ ಹೊತ್ತಿಗೆ ಎರಡನೇ ಧಾಟಿ ಬರುತ್ತೆ, ಸಿ ಮೇಜರ್‌ನಲ್ಲಿ, ಸಣ್ಣ ಸಣ್ಣ ಸ್ವರಗಳ ಓಟ. ನಮ್ಮ ಭಾಷೆಯಲ್ಲಿ ಅಂದಾಜಿಗೆ ಹೇಳಿದರೆ, ನಟಭೈರವಿಯ ಷಡ್ಜ ಬಿಟ್ಟು ಅದೇ ಸ್ವರಗಳ ಶಂಕರಾಭರಣಕ್ಕೆ ಹೋದ ಹಾಗೆ. ಗ್ರಹಭೇದ. ನಮ್ಮಲ್ಲಿ ಅದು ಒಂದು ಗಳಿಗೆಯ ಚಮತ್ಕಾರ. ಶ್ರುತಿಪೆಟ್ಟಿಗೆ ಕೂತಲ್ಲೇ ಕೂತಿರುತ್ತೆ. ಸೊನಾಟಾದಲ್ಲಿ ಶ್ರುತಿಯೇ ಗಂಟುಮೂಟೆ ಕಟ್ಟಿ ಹೊರಡುತ್ತೆ. ಡೆವಲಪ್‌ಮೆಂಟ್ ಅನ್ನೋ ಭಾಗದಲ್ಲಿ ಊರೂರು ಅಲೆದು ವಾಪಸ್ ಬರುತ್ತೆ.

ವಾಪಸ್ ಬಂದಾಗ ಆ ಎರಡನೇ ಧಾಟಿಯನ್ನು ಕೇಳಬೇಕು. ಅದೇ ಓಟ, ಆದರೆ ಈಗ ಎ ಮೈನರ್. ಇಯರ್‌ಫೋನ್ ಹಾಕಿ ಕೇಳಿಸಿದಾಗ ದೊಡ್ಡಪ್ಪ, "ಪದ್ಯ ಅದೇ ಅಲ್ದಾ ಮಾರಾಯ, ಇದಕ್ಕೆ ಎಂತಾಯ್ತು?" ಅಂದಿದ್ದರು.

ಉತ್ತರಕ್ಕೆ ಬಹಳ ಜನ ಜೀವನಚರಿತ್ರೆಗೆ ಓಡ್ತಾರೆ. ಆ ಜುಲೈನಲ್ಲಿ, ಅದೇ ಊರಲ್ಲಿ, ಮೊಜಾರ್ಟ್ ತಾಯಿ ತೀರಿಕೊಂಡರು, ನಿಜ. ಆದರೆ ಅದೇ ವರ್ಷ ಅಲ್ಲೇ ಝಗಮಗಿಸುವ ಒಂದು ಸಿಂಫನಿಯನ್ನೂ ಬರೆದ. ಭಾಗವತರ ಮನೆಯಲ್ಲಿ ಏನಾಗಿದೆ ಅಂತ ವಿಚಾರಿಸಿಕೊಂಡು ಯಾರೂ ಆಟದಲ್ಲಿ ಅಳೋದಿಲ್ಲ. ಇಲ್ಲಿ ಸಂಕಟ ಆಗೋದು, ಹೊರಗೆ ನಗುತ್ತಾ ಓಡಾಡಿದ್ದು ಮನೆಗೆ ಬಂದ ಮೇಲೆ ನಗದೇ ಇರೋದಕ್ಕೆ. ಶುಕ್ರವಾರ ಮೆಜೆಸ್ಟಿಕ್‌ನಲ್ಲಿ ಸಾಗರದ ಬಸ್ ಹತ್ತುವ ನಮ್ಮಂಥವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ನಾನಂತೂ ಮಾತೃಶೋಕದ ಕಥೆಗಿಂತ ಈ ಷಡ್ಜದ ಲೆಕ್ಕವನ್ನೇ ನಂಬ್ತೀನಿ.

ಎರಡೂ ಬಗೆಯ ಷಡ್ಜ ಬಲ್ಲವರು ನಮ್ಮಲ್ಲೇ ಒಬ್ಬರಿದ್ದರು, ಜಯಚಾಮರಾಜ ಒಡೆಯರ್. ಆಸೆ ಇದ್ದದ್ದು ಪಿಯಾನೋ ವಾದಕನಾಗಲು, 1940ರಲ್ಲಿ ಸಿಕ್ಕಿದ್ದು ಸಿಂಹಾಸನ. 14 ಪಿಯಾನೋ ಸೊನಾಟಾ ಬರೆದ ರಷ್ಯನ್ ರಚನೆಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮರೆವಿಗೆ ಸರಿಯುತ್ತಿದ್ದಾಗ, ಅವನ ರೆಕಾರ್ಡಿಂಗ್‌ಗೆ ದುಡ್ಡು ಹೋಗಿದ್ದು ಮೈಸೂರಿನಿಂದ. ಅವನ ಮೂರನೇ ಪಿಯಾನೋ ಕನ್ಚೆರ್ಟೋ ಮಹಾರಾಜರಿಗೇ ಅರ್ಪಣೆ. ಒಡೆಯರ್ ಕರ್ನಾಟಕ ಸಂಗೀತ ಕಲಿತು ತಾವೇ 94 ಕೃತಿ ರಚಿಸಿದರು. ಅವುಗಳಲ್ಲಿ ಒಂದರಲ್ಲೂ ಷಡ್ಜ ಕೂತ ಜಾಗದಿಂದ ಏಳುವುದಿಲ್ಲ.