ಆನೆಗೆ ದಿನಕ್ಕೆ ಎಷ್ಟು ಸ್ನಾನ?

ಮೊಣಕಾಲುದ್ದ ನೀರಲ್ಲಿ ನಿಂತು, ಕೈಲಿ ಪ್ಲಾಸ್ಟಿಕ್ ಬಕೆಟ್ ಹಿಡ್ಕೊಂಡು, ನಾನು ಆನೆಯ ಬೆನ್ನಿಗೆ ನೀರು ಎರಚ್ತಾ ಇದ್ದೆ. ದಡದಲ್ಲಿ ಒಬ್ಬ ಹುಡುಗ ನಮ್ಮ ಫೋನ್‌ನಲ್ಲೇ ಫೋಟೊ ತೆಗೀತಿದ್ದ. ಅಷ್ಟರಲ್ಲಿ ಇನ್ನೊಂದು ವ್ಯಾನ್ ಬಂದು ನಿಂತಿತು. ಹತ್ತು ಹನ್ನೆರಡು ಜನ ಇಳಿದರು. ಅವರ ಮೈಮೇಲೂ ನಮ್ಮ ಹಾಗೇ ನೀಲಿ ಬಣ್ಣದ ಕರೆನ್ ಅಂಗಿ, ಕೈಲಿ ಬಾಳೆಹಣ್ಣಿನ ಬುಟ್ಟಿ.

ಗೈಡ್‌ನ ಸುಮ್ಮನೆ ಕೇಳಿದೆ, 'ಇವತ್ತು ಇದಕ್ಕೆ ಇದು ಎಷ್ಟನೇ ಸ್ನಾನ?'

'ಮೂರನೇದು' ಅಂದ. 'ಸಂಜೆ ಇನ್ನೊಂದಿದೆ.'

ಡಿಸೆಂಬರ್‌ನ ಬೆಳಗು, ನೀರು ತಣ್ಣಗೆ ಕೊರೀತಿತ್ತು. ನಾನು ಬಕೆಟ್ ಕೆಳಗಿಟ್ಟೆ. ಆಮೇಲೆ ಮತ್ತೆ ಎತ್ಕೊಂಡೆ, ಯಾಕಂದ್ರೆ ಫೋಟೊ ಇನ್ನೂ ಮುಗಿದಿರಲಿಲ್ಲ. ಇದನ್ನೂ ಹೇಳಿಬಿಡಬೇಕು.

2024ರ ಡಿಸೆಂಬರ್‌ನಲ್ಲಿ ನಾನೂ ನನ್ನ ಗಂಡನೂ ಉತ್ತರ ಥಾಯ್ಲೆಂಡಿಗೆ ಹೋಗಿದ್ವಿ. ಪಟ್ಟಾಯ, ಪುಕೆಟ್ ಬೇಡ, ಚಿಯಾಂಗ್ ಮಾಯ್ ಸಾಕು ಅಂತ ಮೊದಲೇ ತೀರ್ಮಾನ ಆಗಿತ್ತು. ಆನೆ ನೋಡಬೇಕು ಅನ್ನೋದು ನನ್ನ ಹಠ. ಆದರೆ ಸವಾರಿ ಮಾಡಬಾರದು ಅನ್ನೋಷ್ಟು ಬುದ್ಧಿ ಇತ್ತು. ಎರಡು ರಾತ್ರಿ ಕೂತು ರಿವ್ಯೂ ಓದಿ, ಹೆಸರಲ್ಲಿ 'ಸ್ಯಾಂಕ್ಚುಯರಿ', ಪೇಜಿನ ತುಂಬ 'ಎಥಿಕಲ್', ದೊಡ್ಡಕ್ಷರದಲ್ಲಿ 'ನೋ ರೈಡಿಂಗ್' ಇರೋ ಜಾಗವನ್ನೇ ಹುಡುಕಿದ್ದೆ. ಅರ್ಧ ದಿನಕ್ಕೆ ತಲಾ 1,700 ಬಾತ್. ಅನ್ನ, ಹುಣಸೆ, ಬಾಳೆಹಣ್ಣು, ಉಪ್ಪು ಕುಟ್ಟಿ ಉಂಡೆ ಕಟ್ಟಿ ಆನೆಗೆ ತಿನ್ನಿಸೋದು, ಹೊಳೆಯಲ್ಲಿ ಸ್ನಾನ ಮಾಡಿಸೋದು, ಮಧ್ಯಾಹ್ನದ ಊಟ, ವಾಪಸ್ ಡ್ರಾಪ್.

ಉಂಡೆ ಕಟ್ಟುವಾಗ ನನಗೆ ಖುಷಿಯೋ ಖುಷಿ. ದಸರಾ ಆನೆಗಳಿಗೆ ಹುಲ್ಲಲ್ಲಿ ಭತ್ತ, ಬೆಲ್ಲ, ಕಾಯಿ ಇಟ್ಟು ಕಟ್ಟೋ ಕುಸುರೆ ನೆನಪಾಯ್ತು. ನಾನು ಶಿವಮೊಗ್ಗದವಳು. ಸಕ್ರೆಬೈಲು ನಮ್ಮೂರಿಂದ ಅರ್ಧ ಗಂಟೆ ದಾರಿ. ಬೇಸಿಗೆ ರಜೆಗೆ ನೆಂಟರು ಬಂದರೆ ಬೆಳಿಗ್ಗೆ ಎಬ್ಬಿಸಿ ಅಲ್ಲಿಗೇ ಕರ್ಕೊಂಡು ಹೋಗೋದು. ಗಾಜನೂರಿನ ಹಿನ್ನೀರಲ್ಲಿ ಆನೆ ಮಲಗಿಸಿ ಮಾವುತರು ತಿಕ್ಕೋದನ್ನ ನೋಡ್ತಾ ಬೆಳೆದವಳಿಗೆ ಆನೆ ಸ್ನಾನ ಅಂದ್ರೆ ಪಾಪದ ಕೆಲಸ ಅಂತ ಅನ್ನಿಸೋದಾದರೂ ಹೇಗೆ?

ಆದರೆ ಸಕ್ರೆಬೈಲಿನಲ್ಲಿ ನಾನು ನೋಡಿದ್ದು ಬೆಳಗಿನ ಒಂದು ಸ್ನಾನ. ಅದಾದ ಮೇಲೆ ಆನೆ ಬೇರೆ ಕೆಲಸಕ್ಕೆ ಹೋಗುತ್ತೆ, ಆಮೇಲೆ ಕಾಡಿಗೆ. ಇಲ್ಲಿ ಗಂಟೆಗೊಂದು ವ್ಯಾನ್. ಆನೆ ನೀರಿಂದ ಎದ್ದು ಬಂದ ಕೂಡಲೇ ಮೈಮೇಲೆ ಮಣ್ಣು ಎರಚ್ಕೊಳ್ಳುತ್ತೆ, ನೋಡಿದ್ದೀರಲ್ಲ? ಅದು ತುಂಟಾಟ ಅಲ್ಲ. ಬಿಸಿಲಿಗೂ ನೊಣಕ್ಕೂ ಅದೇ ಅದರ ಮುಲಾಮು. ನಾವು ನಾಲ್ಕು ಸಲ ಅದನ್ನ ತೊಳೀತಿದ್ವಿ. ಜೊತೆಗೆ ಆ ಮಾವುತ ಇಡೀ ಹೊತ್ತು ಒಂದು ಮುಷ್ಟಿ ಬಿಗಿ ಹಿಡಿದು ಆನೆಯ ಕಿವಿ ಹಿಂದೆಯೇ ನಿಂತಿದ್ದ. ಬೆರಳ ಸಂದಿಯಲ್ಲಿ ಮೊಳೆಯ ತುದಿ ಕಂಡಿದ್ದು ನನ್ನ ಗಂಡನಿಗೆ. ಅಂಕುಶ ಕಂಡರೆ ಪ್ರವಾಸಿಗರು ಬೇಜಾರು ಮಾಡ್ಕೋತಾರಲ್ಲ, ಅದಕ್ಕೆ ಅಂಕುಶದ ಬದಲು ಮೊಳೆ.

ರಾತ್ರಿ ಚಿಯಾಂಗ್ ಮಾಯ್ ಪೇಟೆಯಲ್ಲಿ ಊಟಕ್ಕೆ ಕೂತಾಗ ಅವನಂದ, 'ಬೆನ್ನ ಮೇಲಿಂದ ಇಳಿದು ಪಕ್ಕದಲ್ಲಿ ನಿಂತ್ವಿ, ಅಷ್ಟೇ ಬದಲಾಗಿದ್ದು.'

ಈ ಆನೆಗಳು ಪ್ರವಾಸಿಗರ ಕೈಗೆ ಬಂದಿದ್ದು ಹೇಗೆ ಅಂತ ಓದ್ತಾ ಹೋದರೆ ಕತೆ ಇನ್ನೂ ಗೋಜಲಾಗುತ್ತೆ. 1988ರ ಕೊನೆಯಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಭಾರೀ ಪ್ರವಾಹ ಬಂತು. ಕಾಡು ಕಡಿದ ಗುಡ್ಡಗಳು ಕುಸಿದು, ಮರದ ದಿಮ್ಮಿಗಳು ಊರಿಗೆ ನುಗ್ಗಿ ನೂರಾರು ಜನ ಸತ್ತರು. 1989ರ ಜನವರಿಯಲ್ಲಿ ಸರ್ಕಾರ ಕಾಡಿನ ಮರ ಕಡಿಯೋದನ್ನೇ ನಿಷೇಧಿಸಿತು. ಕಾಡಿಗೆ ಒಳ್ಳೇದಾಯ್ತು. ಆದರೆ ತೇಗದ ದಿಮ್ಮಿ ಎಳೀತಿದ್ದ ಸಾವಿರಾರು ಆನೆಗಳಿಗೆ, ಅವುಗಳ ಮಾವುತರಿಗೆ ಒಂದೇ ಏಟಿಗೆ ಕೆಲಸ ಇಲ್ಲ. ಕೆಲವು ಬ್ಯಾಂಕಾಕ್ ರಸ್ತೆಗಳಲ್ಲಿ ಬಾಲಕ್ಕೆ ದೀಪ ಕಟ್ಟಿಕೊಂಡು ಭಿಕ್ಷೆ ಬೇಡಿದವು. ಉಳಿದವು ಕ್ಯಾಂಪುಗಳಿಗೆ ಬಂದವು, ಬೆನ್ನ ಮೇಲೆ ಕುರ್ಚಿ ಕಟ್ಟಿಸಿಕೊಂಡು.

ಕಾನೂನಿನ ಕಣ್ಣಲ್ಲಿ ಅಲ್ಲಿನ ಸಾಕಾನೆಗೆ ಎತ್ತು, ಎಮ್ಮೆ, ಕುದುರೆ, ಕತ್ತೆಯ ಜೊತೆ ಜಾಗ. 1939ರ ಕಾಯ್ದೆ ಅದು. ಕಾಡಾನೆಗೆ ವನ್ಯಜೀವಿ ಕಾನೂನಿನ ರಕ್ಷಣೆ ಇದೆ. ಸಾಕಾನೆ ಮಾತ್ರ ಮಾಲೀಕನ ಸ್ವತ್ತು, ಮಾರಬಹುದು, ಬಾಡಿಗೆಗೆ ಬಿಡಬಹುದು. ಅಂಥ ಸಾಕಾನೆಗಳು ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚಿವೆ.

ಇದನ್ನ ಬದಲಾಯಿಸೋಕೆ ಹೊರಟವರಲ್ಲಿ ದೊಡ್ಡ ಹೆಸರು ಲೆಕ್ ಚೈಲರ್ಟ್. ಚಿಯಾಂಗ್ ಮಾಯ್‌ನ ಉತ್ತರಕ್ಕೆ ಮೇ ತೆಂಗ್ ಕಣಿವೆಯಲ್ಲಿ ಆಕೆ ಕಟ್ಟಿದ ಎಲಿಫೆಂಟ್ ನೇಚರ್ ಪಾರ್ಕ್‌ನಲ್ಲಿ ಕುರುಡಾದ, ಕಾಲು ಮುರಿದ, ದಿಮ್ಮಿ ಎಳೆದು ಸೋತ ಆನೆಗಳಿವೆ. ಸವಾರಿ ಇಲ್ಲದೆಯೂ ಜನ ದುಡ್ಡು ಕೊಟ್ಟು ಆನೆ ನೋಡೋಕೆ ಬರ್ತಾರೆ ಅಂತ ತೋರಿಸಿದವರಲ್ಲಿ ಆಕೆ ಮೊದಲಿಗರು. ಅದು ಗೆದ್ದಿದ್ದೇ ತಡ, ಸುತ್ತಮುತ್ತಲ ಎಷ್ಟೋ ಕ್ಯಾಂಪುಗಳು ಕುರ್ಚಿ ಬಿಚ್ಚಿಟ್ಟು ಬಕೆಟ್ ತಂದಿಟ್ಟವು, ಬೋರ್ಡ್ ಬದಲಾಯಿಸಿದವು. ಬೋರ್ಡ್ ಮೇಲೆ 'ಸ್ಯಾಂಕ್ಚುಯರಿ' ಅಂತ ಯಾರು ಬೇಕಾದರೂ ಬರ್ಕೋಬಹುದು ತಾನೆ? ನಾವು ಹೋಗೋಕೆ ಎರಡು ತಿಂಗಳ ಮುಂಚೆ, ಅಕ್ಟೋಬರ್‌ನಲ್ಲಿ ಆ ಕಣಿವೆಗೆ ನೆರೆ ಬಂದು ನೂರಕ್ಕೂ ಹೆಚ್ಚು ಆನೆಗಳನ್ನು ಎತ್ತರಕ್ಕೆ ಹೊಡೀಬೇಕಾಯ್ತು, ಪಾರ್ಕ್‌ನ ಎರಡು ಆನೆ ಸತ್ತವು. ಒಳ್ಳೆ ಮನಸ್ಸಿದ್ದರೂ ಆನೆ ಸಾಕೋದು ಸುಲಭದ ಕೆಲಸ ಅಲ್ಲ.

ಹಾಗಾದ್ರೆ ಹೋಗೋದೇ ಬೇಡ ಅಂತ ಕೂರಬಹುದಾ? ನನಗೂ ಆ ರಾತ್ರಿ ಹಾಗೇ ಅನ್ನಿಸಿತ್ತು.

ದಕ್ಷಿಣದ ಫಿ ಫಿ ದ್ವೀಪಗಳಲ್ಲಿ ಮಾಯಾ ಬೇ ಅಂತ ಒಂದು ಪುಟ್ಟ ಕಡಲತೀರ ಇದೆ. 2000ದಲ್ಲಿ ಬಂದ 'ದಿ ಬೀಚ್' ಸಿನಿಮಾದಿಂದ ಹೆಸರಾಗಿ, ದಿನಕ್ಕೆ ಸಾವಿರಗಟ್ಟಲೆ ಜನ ಬಂದು, ದೋಣಿಗಳ ಲಂಗರಿಗೆ ಸಿಕ್ಕಿ ಹವಳವೆಲ್ಲ ಹಾಳಾಗಿತ್ತು. 2018ರಲ್ಲಿ ಅದನ್ನ ಮುಚ್ಚಿದರು, 2022ರ ಜನವರಿವರೆಗೂ ತೆಗೀಲಿಲ್ಲ. ಹವಳ ನೆಟ್ಟರು, ರೆಕ್ಕೆ ತುದಿ ಕಪ್ಪಗಿರೋ ಶಾರ್ಕ್‌ಗಳು ತಾವಾಗೇ ವಾಪಸ್ ಬಂದವು. ಈಗ ದೋಣಿಗಳು ಹಿಂಬದಿಯ ಜೆಟ್ಟಿಗೆ ಬರಬೇಕು, ಕೊಲ್ಲಿಯಲ್ಲಿ ಈಜೋ ಹಾಗಿಲ್ಲ, ವರ್ಷಕ್ಕೆ ಎರಡು ತಿಂಗಳು ಬಾಗಿಲು ಬಂದ್. ಇದನ್ನ ಓದಿ, ಆನೆ ಕ್ಯಾಂಪುಗಳನ್ನೂ ಹೀಗೇ ಮುಚ್ಚಿದ್ರೆ ಆಗಲ್ವಾ ಅಂದೆ. 'ಕಡಲಿಗೆ ಯಾರೂ ಮೇವು ಹಾಕಬೇಕಿಲ್ಲವಲ್ಲ' ಅಂದ ನನ್ನ ಗಂಡ.

ನಿಜ. ಒಂದು ದೊಡ್ಡ ಆನೆಗೆ ದಿನಕ್ಕೆ 150 ಕೆಜಿಗೂ ಹೆಚ್ಚು ಮೇವು ಬೇಕು, ಅದೂ ಐವತ್ತು ಅರವತ್ತು ವರ್ಷ. ಇಷ್ಟು ಸಾಕಾನೆಗಳನ್ನು ಬಿಡುವಷ್ಟು ಕಾಡು ಥಾಯ್ಲೆಂಡಿನಲ್ಲಿ ಉಳಿದಿಲ್ಲ. ಪ್ರವಾಸಿಗರು ಬರದಿದ್ದರೆ ಏನಾಗುತ್ತೆ ಅನ್ನೋದನ್ನ 2020ರ ಕೊರೊನಾ ತೋರಿಸಿಕೊಟ್ಟಿತ್ತು. ಕ್ಯಾಂಪುಗಳಿಗೆ ಬೀಗ ಬಿದ್ದು, ಮೇವಿಗೆ ದುಡ್ಡಿಲ್ಲದೆ, ಮಾವುತರು ಆನೆ ಹೊಡ್ಕೊಂಡು ನಡೆದೇ ತಮ್ಮೂರಿಗೆ ಹೋದರು.

ಹಾಗೆ ಊರಿಗೆ ಮರಳಿದ ಆನೆಗಳಲ್ಲಿ ಕೆಲವು ಮತ್ತೆ ಕ್ಯಾಂಪಿಗೆ ಹೋಗಿಲ್ಲ ಅಂತ ಗೆಸ್ಟ್‌ಹೌಸ್‌ನಾಕೆ ಹೇಳಿದ್ದರಿಂದ ಉಳಿದ ಎರಡು ದಿನ ಮೇ ಚೇಮ್ ಕಡೆ ಹೊರಟ್ವಿ. ದೋಯ್ ಇಂಥನನ್, 2,565 ಮೀಟರ್, ಆ ದೇಶದ ಅತಿ ಎತ್ತರದ ಬೆಟ್ಟ. ಅದನ್ನ ಹತ್ತಿ ಆಚೆ ಇಳಿಯೋ ದಾರಿ ನಮ್ಮ ಆಗುಂಬೆಯ ಅಣ್ಣನ ಹಾಗಿದೆ. ಆಚೆ ಕರೆನ್ ಜನರ ಹಳ್ಳಿಗಳು. ಕಂಬಗಳ ಮೇಲೆ ಮರದ ಮನೆ, ಗುಡ್ಡದ ತುಂಬ ಮೆಕ್ಕೆಜೋಳ.

ನಾವು ಉಳಿದ ಮನೆಯ ಯಜಮಾನ ಮಾವುತ. ದಿನಕ್ಕೆ ಆರು ಜನಕ್ಕಿಂತ ಹೆಚ್ಚು ಕರ್ಕೊಳಲ್ಲ. ಥಾಯ್ ಭಾಷೆಯಲ್ಲಿ ವಯಸ್ಸಿಗೆ ಹಿರಿಯರನ್ನ 'ಪಿ' ಅಂತ ಸೇರಿಸಿ ಕರೀತಾರೆ, ನಮ್ಮ ಅಣ್ಣ, ಅಕ್ಕ ಇದ್ದ ಹಾಗೆ. ಅವರನ್ನ ನಾವೂ ಹಾಗೇ ಕರೆದ್ವಿ. ಊಟಕ್ಕೆ ಅನ್ನ, ಕುಂಬಳಕಾಯಿ, ಮೆಣಸಿನ ಚಟ್ನಿ. (ಸಸ್ಯಾಹಾರಿಗಳು 'ಜೇ' ಅನ್ನೋ ಒಂದು ಪದ ಕಲಿತಿರಿ. ಇಲ್ಲದಿದ್ದರೆ ಸೊಪ್ಪಿನ ಪಲ್ಯದಲ್ಲೂ ಮೀನಿನ ಸಾಸ್ ಇರುತ್ತೆ.)

ಬೆಳಿಗ್ಗೆ ಅವರ ಹಿಂದೆ ಕಾಡಿಗೆ ಹೋದ್ವಿ. ಎರಡು ಆನೆ, ತಾಯಿ ಮತ್ತು ಮಗಳು. ಮುಟ್ಟೋ ಹಾಗಿಲ್ಲ, ಉಣ್ಣಿಸೋ ಹಾಗಿಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಬೇಕು. ಮೊದಲ ಅರ್ಧ ಗಂಟೆ, ನಿಜ ಹೇಳ್ತೀನಿ, ಬೋರಾಯ್ತು. ಆನೆ ಬಿದಿರು ಮುರಿಯುತ್ತೆ, ತಿನ್ನುತ್ತೆ, ನಿಲ್ಲುತ್ತೆ, ಮತ್ತೆ ಮುರಿಯುತ್ತೆ. ಮೈಗೆ ಕೆಮ್ಮಣ್ಣು ಮೆತ್ತಿ ಎರಡೂ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಆಮೇಲೆ ಮಗಳು ಮೈ ತಿಕ್ಕೋಕೆ ಮರ ಹುಡುಕ್ತಾ ಎರಡು ಮರ ಬಿಟ್ಟು ಮೂರನೇದನ್ನ ಆರಿಸ್ಕೊಂಡಿತು. ಆ ಮರವೇ ಯಾಕೆ ಅಂತ ಯೋಚಿಸ್ತಾ ಕೂತವಳಿಗೆ ಎರಡು ಗಂಟೆ ಕಳೆದಿದ್ದು ಗೊತ್ತಾಗಲಿಲ್ಲ. ನೀರಿಗೂ ಇಳಿದವು, ಅವಕ್ಕೆ ಬೇಕಾದಾಗ.

ಪಿ ಸೊಂಟದಲ್ಲಿ ಅಂಕುಶ ಇತ್ತು. ಮುಚ್ಚಿಟ್ಟಿರಲಿಲ್ಲ. ಕೇಳಿದ್ದಕ್ಕೆ ಜೋಳದ ಹೊಲದ ಕಡೆ ಕೈ ತೋರಿಸಿದರು. 'ಅದು ಪಕ್ಕದ ಮನೆಯವರದ್ದು. ಆನೆ ನುಗ್ಗಿದ್ರೆ ದುಡ್ಡು ಕಟ್ಟೋನು ನಾನು.' ರಾತ್ರಿ ಕಾಲಿಗೆ ಉದ್ದನೆ ಸರಪಳಿ ಹಾಕಿ ಕಾಡಲ್ಲೇ ಬಿಡ್ತಾರಂತೆ. ಅದನ್ನ ಕೇಳಿ ನನಗೆ ಕಸಿವಿಸಿ ಆಯ್ತು, ಸುಳ್ಳು ಹೇಳಲ್ಲ. ನಮ್ಮ ಸಕ್ರೆಬೈಲಿನ ಆನೆಗಳೂ ಸರಪಳಿ ಎಳ್ಕೊಂಡೇ ಕಾಡು ಸುತ್ತೋದು ಅನ್ನೋದು ಅಲ್ಲಿ ನಿಂತಾಗಲೇ ನೆನಪಾಗಿದ್ದು.

ಅವರ ಅಪ್ಪ ದಿಮ್ಮಿ ಎಳೆಸ್ತಿದ್ದವರು. ನಿಷೇಧ ಆದ ಮೇಲೆ ಆನೆಯನ್ನ ಕ್ಯಾಂಪಿಗೆ ತಿಂಗಳ ಬಾಡಿಗೆಗೆ ಬಿಟ್ಟರು. ಇವರು ಅದರ ಜೊತೆಗೇ ಹೋಗಿ ಹದಿನೈದು ವರ್ಷ ದುಡಿದು, 2020ರಲ್ಲಿ ನಾಲ್ಕು ದಿನ ನಡೆದು ವಾಪಸ್ ಬಂದಿದ್ದು. 'ಅಲ್ಲಿ ದುಡ್ಡು ಜಾಸ್ತಿ ಇತ್ತು' ಅಂದರು. 'ಮಳೆಗಾಲದಲ್ಲಿ ಇಲ್ಲಿಗೆ ಯಾರೂ ಬರಲ್ಲ. ಇನ್ನೊಂದು ವರ್ಷ ಹೀಗೇ ಆದ್ರೆ ಮತ್ತೆ ಹೋಗಬೇಕು.' ಇಬ್ಬರಿಗೆ ಎರಡು ದಿನಕ್ಕೆ ಊಟ ಸೇರಿ ಅವರು ತಗೊಂಡಿದ್ದು 5,000 ಬಾತ್. ಕ್ಯಾಂಪಿನ ಅರ್ಧ ದಿನಕ್ಕೆ ನಾವು ಕೊಟ್ಟಿದ್ದು 3,400.

ನೀವೂ ಆ ಕಡೆ ಹೋಗ್ತೀರಾದರೆ 'ಸವಾರಿ ಇಲ್ಲ' ಅನ್ನೋದನ್ನ ನೋಡಿ ಸಮಾಧಾನ ಪಟ್ಕೋಬೇಡಿ. ಬುಕ್ ಮಾಡೋಕೆ ಮುಂಚೆ ಒಂದು ಮೆಸೇಜ್ ಹಾಕಿ ಕೇಳಿ: ದಿನಕ್ಕೆ ಎಷ್ಟು ಗುಂಪು ಬರುತ್ತೆ, ಯಾರೂ ಬರದ ದಿನ ಆನೆ ಎಲ್ಲಿರುತ್ತೆ, ರಾತ್ರಿ ಎಲ್ಲಿ ಕಟ್ತಾರೆ. ಸ್ನಾನಕ್ಕೆ ಟೈಮ್ ಟೇಬಲ್ ಇದ್ದರೆ ಆ ಜಾಗ ಬಿಡಿ. ಮರಿಯಾನೆ ಜೊತೆ ಫೋಟೊ ಗ್ಯಾರಂಟಿ ಅಂದರೆ ಖಂಡಿತ ಬಿಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಡೋ ಹೊಗೆ ಕಣಿವೆ ತುಂಬ ನಿಂತಿರುತ್ತೆ, ಆಗ ಹೋಗೋದು ಬೇಡ. ಮಳೆಗಾಲಕ್ಕೆ ಹೋದರೆ ಪಿಗೆ ಅನುಕೂಲ. ಜಿಗಣೆಗಳ ಪರಿಚಯ ಮಲೆನಾಡಿನವರಿಗೆ ಹೇಗೂ ಇದೆ.

ನಾವು ವಾಪಸ್ ಬಂದ ಸ್ವಲ್ಪ ದಿನಕ್ಕೇ, 2025ರ ಜನವರಿ ಮೊದಲ ವಾರದಲ್ಲಿ, ಸುದ್ದಿ ಬಂತು. ದಕ್ಷಿಣ ಥಾಯ್ಲೆಂಡಿನ ಒಂದು ದ್ವೀಪದಲ್ಲಿ ಆನೆಗೆ ಸ್ನಾನ ಮಾಡಿಸ್ತಿದ್ದ ಸ್ಪೇನ್‌ನ ಯುವತಿ ಅದೇ ಆನೆಯ ದಾಳಿಗೆ ಸಿಕ್ಕಿ ಸತ್ತಿದ್ದಳು. ಆಫೀಸಿನ ಕ್ಯಾಬ್‌ನಲ್ಲಿ ಕೂತು ಆ ಸುದ್ದಿ ಮೂರು ಸಲ ಓದಿದೆ. ಅವಳಿಗೆ 22 ವರ್ಷ.

ಬಕೆಟ್ ಹಿಡಿದ ನನ್ನ ಫೋಟೊ ಇನ್‌ಸ್ಟಾಗ್ರಾಂನಿಂದ ತೆಗೆದು ಹಾಕಿದ್ದೀನಿ. ಆದರೆ ಹೊಳೆಯಿಂದಲೇ ಅದನ್ನ ಅಮ್ಮನಿಗೆ ಕಳಿಸಿಬಿಟ್ಟಿದ್ದೆ. ಅಮ್ಮ ಅದನ್ನ ವಾಟ್ಸಾಪ್ ಡಿಪಿ ಮಾಡ್ಕೊಂಡಿದ್ದಾಳೆ. ಶಿವಮೊಗ್ಗದ ನೆಂಟರೆಲ್ಲ ನೋಡಿ, ಎಷ್ಟು ಚಂದ ಇದೆ, ಎಲ್ಲಿ ಇದು ಅಂತ ಕೇಳ್ತಿದ್ದಾರಂತೆ. ತೆಗಿ ಅಂತ ಇನ್ನೂ ಹೇಳೋಕಾಗಿಲ್ಲ.